ಎಸ್. ಆರ್. ರಂಗನಾಥನ್

ಶಿಯಾಳಿ ರಾಮಾಮೃತ ರಂಗನಾಥನ್ (ಆಗಸ್ಟ್ 1892 – ಸೆಪ್ಟೆಂಬರ್ 27, 1972) ಅವರು ಭಾರತದ ಗಣಿತಜ್ಞರು, ಗ್ರಂಥಪಾಲಕರು ಹಾಗೂ ಗ್ರಂಥಾಲಯ ವಿಜ್ಞಾನದ ಚಿಂತಕರು. ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಮತ್ತು ಕೋಲನ್ ವರ್ಗೀಕರಣ ಪದ್ಧತಿ ಅವರ ಪ್ರಮುಖ ಕೊಡುಗೆಗಳು. ಭಾರತದಲ್ಲಿ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಅವರನ್ನು ಗೌರವಿಸಲಾಗುತ್ತದೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಕಾನೂನಿನ ಆಧಾರ ಒದಗಿಸುವ ಕಾರ್ಯಕ್ಕಾಗಿ ಅವರು ನಾಲ್ಕು ದಶಕಗಳ ಕಾಲ ದುಡಿದರು.

ರಂಗನಾಥನ್ ಅವರ ವೃತ್ತಿಜೀವನದ ಮೊದಲ ಮತ್ತು ಕೊನೆಯ ಅಧ್ಯಾಯಗಳೆರಡೂ ಇಂದಿನ ಕರ್ನಾಟಕದಲ್ಲಿ ನಡೆದವು. 1917ರಲ್ಲಿ ಅವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ಸೇವೆಗೆ ಸೇರಿದರು. 1957ರಲ್ಲಿ ಬೆಂಗಳೂರಿನಲ್ಲಿ ನೆಲೆಸಿ, ಅಲ್ಲಿಯೇ ನಿಧನ ಹೊಂದಿದರು. ಗ್ರಂಥಾಲಯಕ್ಕೆ ಬರುವ ಮುನ್ನ ಹದಿನೇಳು ಹದಿನೆಂಟು ವಯಸ್ಸಿನ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರಾದುದರಿಂದ, ಆ ವಯಸ್ಸಿನ ಓದುಗರ ಅಗತ್ಯಗಳು ಅವರ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಶಾಲಾ ಕಾಲೇಜುಗಳ ಗ್ರಂಥಪಾಲಕರು, ಸಾರ್ವಜನಿಕ ಗ್ರಂಥಪಾಲಕರು ಮತ್ತು ಅಧ್ಯಾಪಕರು ಕೂಡಿ ದುಡಿಯದಿದ್ದರೆ ಈ ಓದುಗರಿಗೆ ಸೇವೆ ದೊರೆಯದೆಂಬ ನಿಲುವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಂಗನಾಥನ್ ಅವರು ಮದರಾಸು ಪ್ರಾಂತ್ಯದ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ (ಇಂದಿನ ಸೀರ್ಕಾಳಿ) ಜನಿಸಿದರು. ಜನ್ಮದಿನಾಂಕವನ್ನು ಆಗಸ್ಟ್ 9 ಎಂದೂ ಆಗಸ್ಟ್ 12 ಎಂದೂ ಎರಡು ಬಗೆಯಾಗಿ ಬರೆಯುವುದುಂಟು. ಭಾರತದಲ್ಲಿ ಗ್ರಂಥಪಾಲಕರ ದಿನವನ್ನು ಆಗಸ್ಟ್ 12ರಂದು ಆಚರಿಸಲಾಗುತ್ತದೆ. ತಂದೆ ರಾಮಾಮೃತ ಅಯ್ಯರ್, ತಾಯಿ ಸೀತಾಲಕ್ಷ್ಮಿ. ಬಾಲಕನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು.

ಶಿಯಾಳಿಯ ಹಿಂದೂ ಹೈಸ್ಕೂಲಿನಲ್ಲಿ ಓದಿ, ಮದರಾಸು ಕ್ರಿಶ್ಚಿಯನ್ ಕಾಲೇಜನ್ನು ಸೇರಿ, 1913ರಲ್ಲಿ ಬಿ.ಎ. ಪದವಿಯನ್ನೂ 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಗಣಿತದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಬಿ. ರಾಸ್ ಅವರನ್ನು ರಂಗನಾಥನ್ ಜೀವನದುದ್ದಕ್ಕೂ ಗುರುವೆಂದು ಭಾವಿಸಿದರು. ಬಳಿಕ ಸೈದಾಪೇಟೆಯ ಅಧ್ಯಾಪಕರ ಕಾಲೇಜಿನಲ್ಲಿ ಬೋಧನಾ ತರಬೇತಿ ಪಡೆದರು. ಬಾಲ್ಯದಿಂದ ಅವರಿಗೆ ಮಾತಿನಲ್ಲಿ ತೊದಲುವಿಕೆಯಿತ್ತು. ಅಧ್ಯಾಪಕ ವೃತ್ತಿಗೆ ಅಡ್ಡಿಯಾಗಬಹುದಾಗಿದ್ದ ಈ ತೊಡಕನ್ನು ಅವರು ಕ್ರಮೇಣ ಬಹುಮಟ್ಟಿಗೆ ಹತೋಟಿಗೆ ತಂದುಕೊಂಡರು.

ಮಂಗಳೂರಿನಲ್ಲಿ ಅಧ್ಯಾಪನ

1917ರಲ್ಲಿ ರಂಗನಾಥನ್ ಮಂಗಳೂರಿನ ಸರ್ಕಾರಿ ಕಾಲೇಜಿಗೆ ನೇಮಕಗೊಂಡರು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಈ ಕಾಲೇಜು ಇಂದು ಮಂಗಳೂರು ವಿಶ್ವವಿದ್ಯಾನಿಲಯ ಕಾಲೇಜು ಎಂದು ಕರೆಯಲ್ಪಡುತ್ತದೆ. ಅಲ್ಲಿಂದ ಕೊಯಮತ್ತೂರಿಗೂ, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ವರ್ಗವಾದರು. ಗಣಿತದ ಇತಿಹಾಸವನ್ನು ಕುರಿತು ಕೆಲವು ಲೇಖನಗಳನ್ನು ಬರೆದುದೂ, ಅಧ್ಯಾಪಕರ ಸಂಘದಲ್ಲಿ ಸಕ್ರಿಯರಾಗಿದ್ದುದೂ ಈ ಅವಧಿಯಲ್ಲಿಯೇ.

ಟಿಪ್ಪಣಿಗಳನ್ನು ಬರೆಯಿಸಿ, ಬರೆದದ್ದನ್ನು ಪರೀಕ್ಷೆಯಲ್ಲಿ ಒಪ್ಪಿಸುವಂತೆ ಮಾಡುವುದು ಅಂದಿನ ಕಾಲೇಜುಗಳ ರೂಢಿಯಾಗಿತ್ತು. ರಂಗನಾಥನ್ ಇದನ್ನು ಒಪ್ಪಲಿಲ್ಲ. ವಿದ್ಯಾರ್ಥಿಗಳು ತಾವೇ ಪುಸ್ತಕಗಳನ್ನು ಹುಡುಕಿ ಓದಬೇಕು, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಮುಂದುವರಿಯಬೇಕು, ಅಧ್ಯಾಪಕನು ಪಕ್ಕದಲ್ಲಿ ನಿಂತು ನೆರವಾಗಬೇಕು ಎಂಬುದು ಅವರ ಕ್ರಮ. ಒಂದೇ ತರಗತಿಯಲ್ಲಿ ಕುಳಿತ ಇಬ್ಬರು ಹುಡುಗರಿಗೆ ಒಂದೇ ಪುಸ್ತಕ ಒಪ್ಪುವುದಿಲ್ಲವೆಂಬುದನ್ನು ಅವರು ಗ್ರಂಥಪಾಲಕರಾಗುವ ಮೊದಲೇ ಗಣಿತದ ತರಗತಿಯಲ್ಲಿ ಕಂಡುಕೊಂಡಿದ್ದರು. ಅವರ ಪಂಚಸೂತ್ರಗಳಲ್ಲಿ ಎರಡನೆಯದರ ಬೇರನ್ನು ಇಲ್ಲಿ ಗುರುತಿಸಬಹುದು.

ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕ

1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲಕರ ಹುದ್ದೆಯೊಂದನ್ನು ಸೃಷ್ಟಿಸಿ ಅರ್ಜಿಗಳನ್ನು ಆಹ್ವಾನಿಸಿತು. ಸುಮಾರು 900 ಅರ್ಜಿಗಳು ಬಂದವು. ಅರ್ಜಿದಾರರಲ್ಲಿ ಗ್ರಂಥಾಲಯದ ತರಬೇತಿ ಪಡೆದವರು ಇರಲಿಲ್ಲ. ಸಹೋದ್ಯೋಗಿಗಳ ಒತ್ತಾಯದಿಂದ ಅರ್ಜಿ ಹಾಕಿದ ರಂಗನಾಥನ್, ಸಂದರ್ಶನಕ್ಕೆ ಕೆಲವು ದಿನಗಳ ಮುಂಚೆ ವಿಶ್ವಕೋಶದಲ್ಲಿನ ಗ್ರಂಥಾಲಯಗಳ ಕುರಿತ ಲೇಖನವನ್ನು ಓದಿಕೊಂಡು ಹೋಗಿದ್ದರು. ಜನವರಿ 1924ರಲ್ಲಿ ಅವರು ಅಧಿಕಾರ ವಹಿಸಿಕೊಂಡರು.

ಹೊಸ ಕೆಲಸ ಅವರಿಗೆ ಹಿಡಿಸಲಿಲ್ಲ. ಓದುಗರು ಬರುತ್ತಿದ್ದುದು ಅಪರೂಪ. ವಿದ್ಯಾರ್ಥಿಗಳ ನಡುವೆ ಇದ್ದು ಅಭ್ಯಾಸವಾದವರಿಗೆ ಆ ಮೌನ ಸಹಿಸಲಾಗದಾಯಿತು. ಕೆಲವೇ ದಿನಗಳಲ್ಲಿ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ, ಹಳೆಯ ಹುದ್ದೆಯನ್ನೇ ಮರಳಿ ಕೊಡುವಂತೆ ಕೇಳಿಕೊಂಡರು. ಹುದ್ದೆಯ ನಿಯಮದಂತೆ ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯಗಳನ್ನು ನೋಡಿ ಬರಲಿ, ಆಗಲೂ ಬೇಸರವೇ ಇದ್ದರೆ ಮರಳಿ ಸೇರಿಸಿಕೊಳ್ಳುವುದಾಗಿ ಪ್ರಾಂಶುಪಾಲರು ಒಪ್ಪಿಕೊಂಡರು. ಮರಳುವ ಪ್ರಸಂಗ ಮತ್ತೆ ಬರಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲನಾ ಶಾಲೆಯಲ್ಲಿ ಅವರ ಗುರುಗಳಾಗಿ ದೊರೆತವರು ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್. ಕ್ರಾಯ್ಡನ್ ನಗರದ ಮುಖ್ಯ ಗ್ರಂಥಪಾಲಕರಾಗಿದ್ದ ಸೇಯರ್ಸ್ ವರ್ಗೀಕರಣದಲ್ಲಿ ಪಂಡಿತರು; ಮಕ್ಕಳ ಗ್ರಂಥಾಲಯಗಳನ್ನು ಕುರಿತು ಇಂಗ್ಲಿಷಿನಲ್ಲಿ ಮೊದಮೊದಲು ಪುಸ್ತಕ ಬರೆದವರಲ್ಲಿ ಒಬ್ಬರು ಕೂಡ. ರಂಗನಾಥನ್ ಅವರ ಜೀವನಚರಿತ್ರೆಗಳಲ್ಲಿ ಸೇಯರ್ಸ್ ಅವರ ವರ್ಗೀಕರಣ ಪಾಂಡಿತ್ಯಕ್ಕೆ ಸಿಗುವ ಸ್ಥಾನ ಈ ಎರಡನೆಯ ಆಸಕ್ತಿಗೆ ಸಿಕ್ಕಿಲ್ಲ. ಅವರ ಸಲಹೆಯಂತೆ ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಕಾರ್ಮಿಕರು, ಗೃಹಿಣಿಯರು, ಶಾಲೆ ಬಿಟ್ಟು ಬರುವ ಹುಡುಗ ಹುಡುಗಿಯರು ಒಂದೇ ಬಾಗಿಲಿನಿಂದ ಗ್ರಂಥಾಲಯವನ್ನು ಪ್ರವೇಶಿಸುವುದನ್ನು ಅವರು ಅಲ್ಲಿ ಕಂಡರು. ವಿದ್ವಾಂಸರಿಗಷ್ಟೇ ಗ್ರಂಥಾಲಯವೆಂಬ ಭಾರತೀಯ ಕಲ್ಪನೆ ಅವರ ಮನಸ್ಸಿನಲ್ಲಿ ಕಳಚಿದ್ದು ಆಗಲೇ.

ಕೋಲನ್ ವರ್ಗೀಕರಣದ ಮೂಲ ಕಲ್ಪನೆಯೂ ಲಂಡನ್ನಿನಲ್ಲಿ ಹೊಳೆಯಿತು. ಸೆಲ್ಫ್ರಿಜಸ್ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಆಟಿಕೆಯ ಪ್ರದರ್ಶನ ನಡೆಯುತ್ತಿತ್ತು. ಕೆಲವೇ ಬಗೆಯ ಪಟ್ಟಿಗಳು, ಸರಳುಗಳು, ತಿರುಪುಗಳನ್ನು ಬೇರೆ ಬೇರೆಯಾಗಿ ಜೋಡಿಸಿ ಹೊಸ ಹೊಸ ಆಕೃತಿಗಳನ್ನು ಮಾಡುವುದನ್ನು ನೋಡಿದಾಗ, ವಿಷಯಗಳನ್ನೂ ಹಾಗೆಯೇ ಅವುಗಳ ಮೂಲಾಂಶಗಳಾಗಿ ಬಿಡಿಸಿ ಮತ್ತೆ ಜೋಡಿಸಬಹುದೆಂದು ಅವರಿಗೆ ತೋರಿತು. ಜೋಡಿಸುವ ತಿರುಪಿನ ಸ್ಥಾನದಲ್ಲಿ ಕೋಲನ್ ಚಿಹ್ನೆ (ವಿವರಣ ಚಿಹ್ನೆ) ಬಂದಿತು. 1925ರಲ್ಲಿ ಭಾರತಕ್ಕೆ ಮರಳುವಾಗ ಹಡಗಿನಲ್ಲಿದ್ದ ಪುಸ್ತಕಗಳ ಮೇಲೆಯೇ ಈ ಪದ್ಧತಿಯನ್ನು ಪ್ರಯೋಗಿಸಿ ನೋಡಿದರು. ಅದು ಗ್ರಂಥರೂಪದಲ್ಲಿ ಪ್ರಕಟವಾದುದು 1933ರಲ್ಲಿ.

ಮದರಾಸಿನಲ್ಲಿ ಅವರು ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು, ಗ್ರಂಥಾಲಯದ ವೇಳೆಯನ್ನು ಹೆಚ್ಚಿಸಿದರು, ಓದುಗರಿಗೆ ನೆರವಾಗಲೆಂದೇ ಪರಾಮರ್ಶನ ಸೇವೆಯ ಸಿಬ್ಬಂದಿಯನ್ನು ನೇಮಿಸಿದರು. ಗ್ರಂಥಾಲಯದ ಬಾಗಿಲಿನಲ್ಲಿ ಹಿಂಜರಿದು ನಿಲ್ಲುವ ಹೊಸ ವಿದ್ಯಾರ್ಥಿಗೆ ಈ ಮೂರನೆಯ ವ್ಯವಸ್ಥೆಯೇ ಎಲ್ಲಕ್ಕಿಂತ ಮುಖ್ಯವಾದುದು. ಸೂಚೀಪತ್ರವನ್ನು ನೋಡುವುದು ಹೇಗೆಂದು ತಿಳಿಯದವನನ್ನು ಸಿಬ್ಬಂದಿಯೇ ಎದುರುಗೊಂಡು, ಅವನ ಅಗತ್ಯವನ್ನು ವಿಚಾರಿಸಿ, ಕಪಾಟಿನವರೆಗೆ ಕರೆದೊಯ್ಯಬೇಕೆಂದು ಅವರು ಬಯಸುತ್ತಿದ್ದರು.

ಪಂಚಸೂತ್ರಗಳು

1928ರಲ್ಲಿ ರೂಪುಗೊಂಡು, ಅದೇ ವರ್ಷದ ಡಿಸೆಂಬರಿನಲ್ಲಿ ಚಿದಂಬರಂನಲ್ಲಿ ಉಪನ್ಯಾಸಗಳ ಮೂಲಕ ಮಂಡಿತವಾದ ಪಂಚಸೂತ್ರಗಳು 1931ರಲ್ಲಿ ಪುಸ್ತಕವಾಗಿ ಬಂದವು. ಅವುಗಳ ಸಾರವಿಷ್ಟು: ಪುಸ್ತಕಗಳು ಇರುವುದು ಬಳಸುವುದಕ್ಕಾಗಿ, ಯಾವ ಓದುಗನೂ ತನಗೆ ತಕ್ಕ ಪುಸ್ತಕವಿಲ್ಲದೆ ಮರಳಬಾರದು, ಯಾವ ಪುಸ್ತಕವೂ ತನ್ನ ಓದುಗನನ್ನು ಕಾಣದೆ ಕಪಾಟಿನಲ್ಲಿ ಉಳಿಯಬಾರದು, ಓದುಗನ ವೇಳೆ ವ್ಯರ್ಥವಾಗಬಾರದು, ಗ್ರಂಥಾಲಯವು ಜೀವಿಯಂತೆ ಸದಾ ಬೆಳೆಯುತ್ತಿರುತ್ತದೆ. ಮೊದಲನೆಯ ಸೂತ್ರವನ್ನು ಸೂಚಿಸಿದವರು ಗುರು ರಾಸ್ ಎಂದು ರಂಗನಾಥನ್ ತಿಳಿಸಿದ್ದಾರೆ.

ಕೇಳಲು ಇವು ತೀರ ಸರಳ. ಆದರೆ ಎರಡನೆಯ ಸೂತ್ರವನ್ನು ವಿವರಿಸುವಾಗ ರಂಗನಾಥನ್ ಅದನ್ನು ಸಮಾಜದ ಪ್ರಶ್ನೆಯನ್ನಾಗಿ ಮಾಡುತ್ತಾರೆ. ಬಡವರು, ಸ್ತ್ರೀಯರು, ಹಳ್ಳಿಗರು, ಅಂಧರು, ರೋಗಿಗಳು, ಸೆರೆಮನೆಯಲ್ಲಿರುವವರು, ಮಕ್ಕಳು ಎಲ್ಲರೂ ಓದುಗರೆಂದ ಮೇಲೆ ಅವರಿಗೆ ಪುಸ್ತಕ ಒದಗಿಸುವ ಹೊಣೆ ಯಾರದು? ಆ ಹೊಣೆಯನ್ನು ಅವರು ಸರ್ಕಾರ, ಗ್ರಂಥಾಲಯದ ಆಡಳಿತ, ಸಿಬ್ಬಂದಿ ಮತ್ತು ಓದುಗರ ನಡುವೆ ಹಂಚುತ್ತಾರೆ. ಒಂದೊಂದು ಗ್ರಂಥಾಲಯವೂ ಬೇರೆ ಬೇರೆಯಾಗಿ ನಿಂತರೆ ಈ ಸೂತ್ರ ನೆರವೇರದು; ಗ್ರಂಥಾಲಯಗಳು ಒಂದಕ್ಕೊಂದು ಪುಸ್ತಕ ಎರವಲು ಕೊಡುವ ಜಾಲವಾಗಬೇಕು.

ಹದಿಹರೆಯದವರ ವಿಷಯದಲ್ಲಿ ಈ ವಾದಕ್ಕೆ ವಿಶೇಷವಾದ ಅರ್ಥವಿದೆ. ಹದಿನಾಲ್ಕು ವರ್ಷದ ಓದುಗ ಮಕ್ಕಳ ವಿಭಾಗದ ಚಿತ್ರಪುಸ್ತಕಗಳನ್ನು ದಾಟಿರುತ್ತಾನೆ. ವಯಸ್ಕರ ವಿಭಾಗ ಅವನಿಗೆ ಇನ್ನೂ ತೆರೆದಿರುವುದಿಲ್ಲ. ಇದೇ ವಯಸ್ಸಿನಲ್ಲಿ ಎಷ್ಟೋ ಮಂದಿ ಶಾಲೆಯನ್ನೂ ಬಿಡುತ್ತಾರೆ. ಹಳ್ಳಿಯ ಹುಡುಗಿಯರ ವಿಷಯದಲ್ಲಂತೂ ಇದು ಅಂದು ಸಾಮಾನ್ಯವಾಗಿತ್ತು. ಶಾಲೆ ಬಿಟ್ಟವರು ಓದಿದ್ದನ್ನು ಮರೆಯದಂತೆ ಕಾಪಾಡುವುದು ಸಾರ್ವಜನಿಕ ಗ್ರಂಥಾಲಯಕ್ಕೆ ಮಾತ್ರ ಸಾಧ್ಯ. ಅಮೆರಿಕದ ಕೆಲವು ನಗರಗಳಲ್ಲಿ ಹದಿಹರೆಯದವರಿಗಾಗಿ ಪ್ರತ್ಯೇಕ ಕೊಠಡಿಗಳು 1920ರ ದಶಕದಿಂದಲೇ ಏರ್ಪಟ್ಟಿದ್ದವು. ಭಾರತದಲ್ಲಿ ಅಂಥ ಕೊಠಡಿಗಳಿಗೆ ಮುನ್ನ ಗ್ರಂಥಾಲಯವೇ ಬೇಕಾಗಿತ್ತು; ರಂಗನಾಥನ್ ಅವರ ಶಕ್ತಿಯ ಬಹುಪಾಲು ವ್ಯಯವಾದುದು ಅದಕ್ಕೆ.

ಸಂಘಟನೆ ಮತ್ತು ತರಬೇತಿ

ಮದರಾಸು ಗ್ರಂಥಾಲಯ ಸಂಘವು ಜನವರಿ 1928ರಲ್ಲಿ ಸ್ಥಾಪನೆಯಾಯಿತು. ರಂಗನಾಥನ್ ಅದರ ಕಾರ್ಯದರ್ಶಿಯಾಗಿ 1945ರವರೆಗೆ ದುಡಿದರು. ಸಂಘವು 1929ರಲ್ಲಿ ಆರಂಭಿಸಿದ ಬೇಸಿಗೆಯ ತರಬೇತಿ ಶಾಲೆಯನ್ನು ಕೆಲವೇ ವರ್ಷಗಳಲ್ಲಿ ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್ಗುಡಿ ಪ್ರದೇಶದಲ್ಲಿ ಕನಕಸಭೈ ಪಿಳ್ಳೈ ಅವರು ರೂಪಿಸಿದ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯ ಹಳ್ಳಿಗಳಿಗೆ ಪುಸ್ತಕಗಳನ್ನು ಒಯ್ಯತೊಡಗಿತು. ರಂಗನಾಥನ್ ಈ ಪ್ರಯೋಗದ ಬೆಂಬಲಕ್ಕೆ ನಿಂತರು.

ಶಾಲಾ ಕಾಲೇಜುಗಳ ಗ್ರಂಥಾಲಯಗಳನ್ನು ಕುರಿತು ಅವರು ಬರೆದ ಸ್ಕೂಲ್ ಅಂಡ್ ಕಾಲೇಜ್ ಲೈಬ್ರರೀಸ್ 1942ರಲ್ಲಿ ಪ್ರಕಟವಾಯಿತು. ವರ್ಗೀಕರಣದ ಗ್ರಂಥಗಳಷ್ಟು ಇದು ಪ್ರಸಿದ್ಧವಲ್ಲ. ಪಠ್ಯಪುಸ್ತಕದ ಏಕಚಕ್ರಾಧಿಪತ್ಯದಿಂದ ವಿದ್ಯಾರ್ಥಿಯನ್ನು ಬಿಡಿಸಬೇಕೆಂಬುದು ಅದರ ಮುಖ್ಯ ಆಶಯ. ವೇಳಾಪಟ್ಟಿಯಲ್ಲಿ ಗ್ರಂಥಾಲಯಕ್ಕೆ ನಿಗದಿತ ಅವಧಿಯಿರಬೇಕು, ಅಧ್ಯಾಪಕನೂ ಗ್ರಂಥಪಾಲಕನೂ ಮುಂದಾಗಿಯೇ ಮಾತನಾಡಿಕೊಂಡು ಪಾಠಕ್ಕೆ ಹೊಂದುವ ಪುಸ್ತಕಗಳನ್ನು ಸಿದ್ಧಪಡಿಸಿಕೊಳ್ಳಬೇಕು, ವಿದ್ಯಾರ್ಥಿಗೆ ಪುಸ್ತಕ ಬಳಸುವ ಕೌಶಲವನ್ನೂ ಕಲಿಸಬೇಕು ಎಂಬ ವಿಚಾರಗಳನ್ನು ಅವರು ಬೆಳೆಸಿದರು. ಬೀಗ ಹಾಕಿದ ಬೀರುವೂ, ಬೀಗದ ಕೈಯನ್ನು ಇಟ್ಟುಕೊಂಡು ಪುಸ್ತಕ ಕಳೆದರೆ ತನ್ನ ಸಂಬಳದಿಂದ ಕಟ್ಟಬೇಕಾದೀತೆಂದು ಅಂಜುವ ಉಪಾಧ್ಯಾಯರೂ ಇದ್ದ ಶಾಲೆಗಳ ಕಾಲದಲ್ಲಿ ಇದು ದೊಡ್ಡ ಬೇಡಿಕೆಯಾಗಿತ್ತು.

1945ರಲ್ಲಿ ಮದರಾಸಿನ ಸೇವೆಯಿಂದ ನಿವೃತ್ತರಾದ ರಂಗನಾಥನ್, ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಗ್ರಂಥಾಲಯವನ್ನು ಪುನರ್ವ್ಯವಸ್ಥೆಗೊಳಿಸಿದರು. 1947ರಲ್ಲಿ ಸರ್ ಮಾರಿಸ್ ಗ್ವಾಯರ್ ಅವರ ಆಹ್ವಾನದ ಮೇರೆಗೆ ದೆಹಲಿ ವಿಶ್ವವಿದ್ಯಾನಿಲಯಕ್ಕೆ ಬಂದರು. 1944ರಿಂದ 1953ರವರೆಗೆ ಭಾರತೀಯ ಗ್ರಂಥಾಲಯ ಸಂಘದ ಅಧ್ಯಕ್ಷರಾಗಿದ್ದರು. ದೆಹಲಿಯಲ್ಲಿ 1951ರಲ್ಲಿ ಆರಂಭವಾದ ಗ್ರಂಥಾಲಯ ಸಂಶೋಧನ ಮಂಡಲಿಯ ಸಭೆಗಳು ಅವರ ಮನೆಯಲ್ಲಿಯೇ ಸೇರುತ್ತಿದ್ದವು. ಹಿರಿಯ ಕಿರಿಯರೆನ್ನದೆ ಗ್ರಂಥಪಾಲಕರು ಕುಳಿತು ತಮ್ಮ ಗ್ರಂಥಾಲಯದ ತೊಡಕುಗಳನ್ನು ಚರ್ಚಿಸುವ ಈ ಕ್ರಮವನ್ನು ಅವರು ಬೆಂಗಳೂರಿನಲ್ಲಿಯೂ ಮುಂದುವರಿಸಿದರು. 1954ರ ಬಳಿಕ ಕೆಲಕಾಲ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿದ್ದರು.

ಗ್ರಂಥಾಲಯ ಶಾಸನಗಳು ಮತ್ತು ಕನ್ನಡ ನಾಡು

ಸದಸ್ಯರ ವಂತಿಗೆಯಿಂದಾಗಲಿ ದಾನಿಗಳ ಔದಾರ್ಯದಿಂದಾಗಲಿ ನಡೆಯುವ ಗ್ರಂಥಾಲಯ ಎಲ್ಲರ ಗ್ರಂಥಾಲಯವಾಗದೆಂಬುದು ರಂಗನಾಥನ್ ಅವರ ದೃಢವಾದ ನಂಬಿಕೆ. ವಂತಿಗೆ ಕೊಡಲು ಹಣವಿಲ್ಲದವರಲ್ಲಿ ಶಾಲಾ ವಯಸ್ಸಿನವರೇ ಮೊದಲಿಗರು. ಆದುದರಿಂದ ಶಾಸನ ಬೇಕು, ಶಾಸನದ ಮೂಲಕ ನಿಶ್ಚಿತವಾದ ಆದಾಯ ಬೇಕು. 1930ರ ಡಿಸೆಂಬರಿನಲ್ಲಿ ಕಾಶಿಯಲ್ಲಿ ಸೇರಿದ್ದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಗ್ರಂಥಾಲಯ ಮಸೂದೆಯನ್ನು ಮಂಡಿಸಿದರು. ಹದಿನೆಂಟು ವರ್ಷಗಳ ಅನಂತರ, ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಶಿಕ್ಷಣ ಸಚಿವರಾಗಿದ್ದಾಗ, ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ (1948) ಅಂಗೀಕಾರ ಪಡೆಯಿತು. ಸ್ವತಂತ್ರ ಭಾರತದಲ್ಲಿ ಇಂತಹ ಕಾಯಿದೆಗಳಲ್ಲಿ ಇದೇ ಮೊದಲನೆಯದು. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿ, ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರವನ್ನು ಅದು ಏರ್ಪಡಿಸಿತು.

ಈ ಕಾಯಿದೆಯಿಂದ ಕನ್ನಡ ಮಾತನಾಡುವ ಜನರ ನಡುವೆ ವಿಚಿತ್ರವಾದೊಂದು ಗಡಿ ಏರ್ಪಟ್ಟಿತು. ದಕ್ಷಿಣ ಕನ್ನಡ ಜಿಲ್ಲೆ (ಕಾಸರಗೋಡು ಸಹಿತ) ಮತ್ತು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದಲ್ಲಿದ್ದುದರಿಂದ ಅಲ್ಲಿಗೆ ಗ್ರಂಥಾಲಯ ಶಾಸನ ಅನ್ವಯಿಸುತ್ತಿತ್ತು. ಕೊಳ್ಳೇಗಾಲಕ್ಕೆ ಹತ್ತಿರದಲ್ಲಿಯೇ ಇದ್ದ ಕಾವೇರಿ ದಡದ ತಲಕಾಡು, ತಿರುಮಕೂಡಲು ನರಸೀಪುರ ಮತ್ತು ಕಪಿಲಾ ದಡದ ನಂಜನಗೂಡು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿ ಅಂಥ ಶಾಸನವಿರಲಿಲ್ಲ. ಹಾಗೆಂದು ಮೈಸೂರಿನಲ್ಲಿ ಓದಿನ ಪ್ರಯತ್ನಗಳು ಇರಲಿಲ್ಲವೆಂದಲ್ಲ. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿಯೇ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆರಂಭವಾಗಿದ್ದವು. 1940ರ ದಶಕದಿಂದ ವಯಸ್ಕರ ಶಿಕ್ಷಣ ಸಮಿತಿಯು ಸಾಕ್ಷರತಾ ತರಗತಿಗಳೊಡನೆ ಗ್ರಾಮ ಗ್ರಂಥಾಲಯಗಳನ್ನು ನಡೆಸುತ್ತಿತ್ತು. ಡೆನ್ಮಾರ್ಕಿನ ಜಾನಪದ ಪ್ರೌಢಶಾಲೆಗಳ ಮಾದರಿಯಲ್ಲಿ ಗ್ರಾಮೀಣ ತರುಣರಿಗಾಗಿ ನಂಜನಗೂಡು ಮೊದಲಾದೆಡೆ ವಿದ್ಯಾಪೀಠಗಳನ್ನೂ ಸ್ಥಾಪಿಸಿತು. ಆದರೆ ಇವೆಲ್ಲ ಅನುದಾನವನ್ನೂ ಕಾರ್ಯಕರ್ತರ ಉತ್ಸಾಹವನ್ನೂ ನಂಬಿದ್ದವು.

1956ರ ನವೆಂಬರಿನಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಹೊಸ ಮೈಸೂರು ರಾಜ್ಯಕ್ಕೆ ಹಲವು ಬಗೆಯ ಗ್ರಂಥಾಲಯ ವ್ಯವಸ್ಥೆಗಳು ಬಂದು ಸೇರಿದವು. ಮಂಗಳೂರು, ಕೊಳ್ಳೇಗಾಲಗಳಲ್ಲಿ ಮದರಾಸಿನ ಕಾಯಿದೆ. ಬೀದರ್, ಗುಲ್ಬರ್ಗ, ರಾಯಚೂರುಗಳಲ್ಲಿ 1955ರ ಹೈದರಾಬಾದ್ ಕಾಯಿದೆ. ಧಾರವಾಡ, ಬೆಳಗಾವಿ ಕಡೆ ಮುಂಬಯಿ ಸರ್ಕಾರದ ಅನುದಾನದ ಕ್ರಮ. ಹಳೆಯ ಮೈಸೂರಿನಲ್ಲಿ ಯಾವ ಕಾಯಿದೆಯೂ ಇಲ್ಲ. ಮರುವರ್ಷ ರಂಗನಾಥನ್ ಬೆಂಗಳೂರಿಗೆ ಬಂದರು.

ಇವೆಲ್ಲವನ್ನೂ ಒಂದುಗೂಡಿಸಿದ ಮೈಸೂರು (ಈಗ ಕರ್ನಾಟಕ) ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರಲ್ಲಿ ಅಂಗೀಕಾರವಾಗಿ, ನವೆಂಬರ್ 1, 1966ರಂದು ಜಾರಿಗೆ ಬಂದಿತು. ರಂಗನಾಥನ್ ಪ್ರತಿಪಾದಿಸಿದ್ದ ಮಾದರಿಯನ್ನು ಅದು ಬಹುಮಟ್ಟಿಗೆ ಅನುಸರಿಸಿತು: ಪ್ರತ್ಯೇಕ ಇಲಾಖೆ, ಗ್ರಂಥಾಲಯ ವಿಜ್ಞಾನದ ಅರ್ಹತೆಯುಳ್ಳ ಮುಖ್ಯಸ್ಥರು, ಬೆಂಗಳೂರಿನಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ, ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳು, ಗ್ರಂಥಾಲಯ ಕರ. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ನೆಲೆಗೊಂಡಿತು. ತಲಕಾಡು ಮತ್ತು ಕೊಳ್ಳೇಗಾಲ ಗ್ರಂಥಾಲಯದ ಲೆಕ್ಕದಲ್ಲಿ ಒಂದೇ ಕಾನೂನಿನಡಿಗೆ ಬಂದುದು ಆಗಲೇ.

ಕಾಯಿದೆಯ ಮಿತಿಯೂ ಇಲ್ಲಿಯೇ ಹೇಳತಕ್ಕದ್ದು. ಅದು ಸಾರ್ವಜನಿಕ ಗ್ರಂಥಾಲಯಗಳನ್ನು ಕುರಿತದ್ದು; ಶಾಲಾ ಗ್ರಂಥಾಲಯಗಳು ಶಿಕ್ಷಣ ಇಲಾಖೆಯ ಪಾಲಿಗೆ ಉಳಿದವು. ಪ್ರೌಢಶಾಲೆಯ ವಿದ್ಯಾರ್ಥಿ ಹಗಲು ಒಂದು ಇಲಾಖೆಯ ಓದುಗ, ಸಂಜೆ ಇನ್ನೊಂದು ಇಲಾಖೆಯ ಓದುಗ. ಎರಡೂ ಕಡೆಯ ಗ್ರಂಥಪಾಲಕರು ಕಲೆತು ಪುಸ್ತಕ ಆರಿಸುವ, ಕಾರ್ಯಕ್ರಮ ರೂಪಿಸುವ ಏರ್ಪಾಡು ಕಾನೂನಿನಿಂದ ದೊರೆಯಲಿಲ್ಲ. ರಂಗನಾಥನ್ ಬೆಂಗಳೂರಿಗೆ ಬಂದ 1957ರಲ್ಲಿಯೇ ಅಮೆರಿಕದ ಗ್ರಂಥಾಲಯ ಸಂಘವು ಹದಿಹರೆಯದವರ ಸೇವೆಗಾಗಿ ಗ್ರಂಥಪಾಲಕರ ಪ್ರತ್ಯೇಕ ವಿಭಾಗವನ್ನು ರಚಿಸಿತ್ತು. ಭಾರತದಲ್ಲಿ ಆ ಕೆಲಸ ಬಹುಕಾಲ ಆಸಕ್ತಿಯುಳ್ಳ ವ್ಯಕ್ತಿಗಳನ್ನೇ ಅವಲಂಬಿಸಿತ್ತು.

ಬೆಂಗಳೂರಿನ ವರ್ಷಗಳು

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ನೇಮಿಸಿದ ಗ್ರಂಥಾಲಯ ಸಮಿತಿಗೆ ರಂಗನಾಥನ್ ಅಧ್ಯಕ್ಷರಾಗಿದ್ದರು. ಕಾಲೇಜುಗಳ ಗ್ರಂಥಪಾಲಕರಿಗೆ ಅಧ್ಯಾಪಕರಿಗೆ ಸಮನಾದ ವೇತನವೂ ಸ್ಥಾನವೂ ಸಲ್ಲಬೇಕೆಂದು ಸಮಿತಿ ಶಿಫಾರಸು ಮಾಡಿತು. ಇದನ್ನು ಸಂಬಳದ ವಿಷಯವೆಂದಷ್ಟೇ ನೋಡುವುದು ಸರಿಯಲ್ಲ. ಅಧ್ಯಾಪಕರ ಕೊಠಡಿಯಲ್ಲಿ ಕುರ್ಚಿಯಿಲ್ಲದ ಗ್ರಂಥಪಾಲಕ ಅಧ್ಯಾಪಕನೊಡನೆ ಕೂಡಿ ಪಾಠದ ಯೋಜನೆ ಮಾಡುವುದು ಹೇಗೆ?

1961ರಲ್ಲಿ ಅವರು ಪತ್ನಿಯ ಹೆಸರಿನಲ್ಲಿ ಶಾರದಾ ರಂಗನಾಥನ್ ಗ್ರಂಥಾಲಯ ವಿಜ್ಞಾನ ದತ್ತಿಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪಿ. ಸಿ. ಮಹಾಲನೋಬಿಸ್ ಅವರ ಬೆಂಬಲದಿಂದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿ.ಆರ್.ಟಿ.ಸಿ.) ಬೆಂಗಳೂರಿನಲ್ಲಿ ಪ್ರಾರಂಭವಾಯಿತು. ಮೊದಲ ವರ್ಷಗಳಲ್ಲಿ ಮಲ್ಲೇಶ್ವರದಲ್ಲಿದ್ದ ಈ ಕೇಂದ್ರ ಈಗ ಮೈಸೂರು ರಸ್ತೆಯಲ್ಲಿರುವ ಸಂಸ್ಥೆಯ ಆವರಣದಲ್ಲಿದೆ. ಎ. ನೀಲಮೇಘನ್, ಎಂ. ಎ. ಗೋಪಿನಾಥ್ ಮೊದಲಾದವರು ಇಲ್ಲಿ ಅವರ ಸಹೋದ್ಯೋಗಿಗಳಾಗಿದ್ದರು. ವಿದ್ಯಾರ್ಥಿಗಳು ಸಿದ್ಧ ಉಪನ್ಯಾಸಗಳನ್ನು ಕೇಳುವುದಕ್ಕಿಂತ ಗುಂಪಿನಲ್ಲಿ ಕುಳಿತು ವಾದಿಸುವುದಕ್ಕೆ ಇಲ್ಲಿ ಹೆಚ್ಚು ಅವಕಾಶವಿತ್ತು. ಮಂಗಳೂರಿನ ಗಣಿತದ ಅಧ್ಯಾಪಕನ ಕ್ರಮವೇ ನಾಲ್ಕೂವರೆ ದಶಕಗಳ ಬಳಿಕ ಸಂಶೋಧನ ಕೇಂದ್ರವೊಂದರ ಕ್ರಮವಾಯಿತು. 1964ರಲ್ಲಿ ಒಂದು ತ್ರೈಮಾಸಿಕ ಪತ್ರಿಕೆಯನ್ನೂ ಅವರು ಆರಂಭಿಸಿದರು. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು.

ಬೆಂಗಳೂರಿನ ವರ್ಷಗಳ ಬರಹ ಹೆಚ್ಚಾಗಿ ವರ್ಗೀಕರಣ ಮತ್ತು ಪ್ರಲೇಖನವನ್ನು ಕುರಿತದ್ದು. ಕೋಲನ್ ವರ್ಗೀಕರಣದ ಸಂಕೇತಗಳು ಬರಬರುತ್ತ ಜಟಿಲವಾದವು. ಭಾರತದಲ್ಲಿಯೇ ಬಹುಪಾಲು ಗ್ರಂಥಾಲಯಗಳು ಡ್ಯೂಯಿ ದಶಮಾಂಶ ಪದ್ಧತಿಯನ್ನು ಅನುಸರಿಸುತ್ತವೆಯೆಂಬುದು ಅವರ ಅಭಿಮಾನಿಗಳೂ ಒಪ್ಪುವ ಸಂಗತಿ. ವಿಷಯವನ್ನು ಮುಖಗಳಾಗಿ ವಿಶ್ಲೇಷಿಸುವ ಅವರ ಕ್ರಮ ಮಾತ್ರ ಬ್ರಿಟನ್ನಿನ ವರ್ಗೀಕರಣ ಸಂಶೋಧನ ಮಂಡಲಿಯ ಮೇಲೆ ಗಾಢವಾದ ಪ್ರಭಾವ ಬೀರಿತು.

ಜೀವನದ ಕೊನೆಯಲ್ಲಿ ಅವರು ಮತ್ತೆ ಶಾಲೆಯ ಕಡೆಗೆ ತಿರುಗಿದರು. ಪಿ. ಜಯರಾಜನ್ ಅವರ ಸಹಾಯದೊಡನೆ ಸಿದ್ಧಪಡಿಸಿದ ನ್ಯೂ ಎಜುಕೇಶನ್ ಅಂಡ್ ಸ್ಕೂಲ್ ಲೈಬ್ರರಿ ಎಂಬ ಗ್ರಂಥ, ಅರ್ಧಶತಮಾನದ ಅನುಭವವನ್ನು ಒಳಗೊಂಡು, ಅವರ ನಿಧನಾನಂತರ 1973ರಲ್ಲಿ ಪ್ರಕಟವಾಯಿತು.

ವೈಯಕ್ತಿಕ ಜೀವನ

ಬಾಲ್ಯವಿವಾಹದ ಅಂದಿನ ರೂಢಿಯಂತೆ ರಂಗನಾಥನ್ 1907ರಲ್ಲಿ, ತಾವೇ ಹದಿಹರೆಯದವರಾಗಿದ್ದಾಗ, ರುಕ್ಮಿಣಿಯವರನ್ನು ವಿವಾಹವಾದರು. ರುಕ್ಮಿಣಿ 1928ರ ನವೆಂಬರಿನಲ್ಲಿ ಅಪಘಾತದಲ್ಲಿ ತೀರಿಕೊಂಡರು. ಮರುತಿಂಗಳೇ ಚಿದಂಬರಂನ ಉಪನ್ಯಾಸಗಳು ನಡೆದವು. 1929ರಲ್ಲಿ ಶಾರದಾ ಅವರನ್ನು ವಿವಾಹವಾದರು. ವಿವಾಹದ ದಿನವೂ ಅವರು ಗ್ರಂಥಾಲಯಕ್ಕೆ ಹೋಗಿ ಕೆಲಸ ಮಾಡಿದರೆಂದು ಹೇಳಲಾಗುತ್ತದೆ. ಮದರಾಸಿನ ಸೇವಾವಧಿಯಲ್ಲಿ ಅವರು ರಜೆ ತೆಗೆದುಕೊಂಡದ್ದೇ ವಿರಳ. ಮಗ ಯೋಗೇಶ್ವರ್ 1932ರಲ್ಲಿ ಜನಿಸಿದರು. ಸರಳವಾಗಿ ಬದುಕಿ ಉಳಿಸಿದ ಹಣವನ್ನು ರಂಗನಾಥನ್ ದತ್ತಿಗಳಿಗೆ ಕೊಟ್ಟರು. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ 1956ರಲ್ಲಿ 1 ಲಕ್ಷ ರೂಪಾಯಿ ನೀಡಿದ್ದರು.

ಗೌರವಗಳು ಮತ್ತು ನಂತರದ ಬೆಳವಣಿಗೆ

1935ರಲ್ಲಿ ರಾವ್ ಸಾಹೇಬ್ ಬಿರುದು, 1948ರಲ್ಲಿ ದೆಹಲಿ ಮತ್ತು 1964ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಗಳ ಗೌರವ ಡಾಕ್ಟರೇಟ್, 1957ರಲ್ಲಿ ಪದ್ಮಶ್ರೀ, 1970ರಲ್ಲಿ ಅಮೆರಿಕದ ಮಾರ್ಗರೆಟ್ ಮ್ಯಾನ್ ಪ್ರಶಸ್ತಿ ಅವರಿಗೆ ಸಂದವು. ಜನ್ಮಶತಾಬ್ದಿಯ ಅಂಗವಾಗಿ 1992ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆ ಚೀಟಿ ಹೊರತಂದಿತು.

ಕರ್ನಾಟಕದಲ್ಲಿ 1965ರ ಕಾಯಿದೆಯಿಂದ ಬೆಳೆದ ಜಾಲ ಕ್ರಮೇಣ ಗ್ರಾಮ ಪಂಚಾಯಿತಿಗಳವರೆಗೆ ಹರಡಿತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಐದು ಸಾವಿರಕ್ಕೂ ಹೆಚ್ಚು ಸಂಖ್ಯೆಯ ಇವು ಈಗ ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತವೆ. ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಓದುವ ಬೆಳಕು ಎಂಬ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಊರಿನ ಶಾಲೆಯ ಶಿಕ್ಷಕರು ಮತ್ತು ಪಂಚಾಯಿತಿಯ ಗ್ರಂಥಪಾಲಕರು ಒಂದೇ ಮಕ್ಕಳ ಓದಿಗಾಗಿ ಜೊತೆಗೂಡುವ ಸಂದರ್ಭ ಇದರಿಂದ ಒದಗಿತು.